ಕೂಸು ಕರಿ ಕಕ್ಕ ಮಾಡಿತಾ?

(ತಾಲ್ಲೂಕು ಕೇಂದ್ರವೊಂದರಲ್ಲಿ ಆಶಾ ಕಾರ್ಯಕರ್ತೆಯರು, ನರ್ಸ್‌ಗಳು ಮತ್ತು ಕೆಲವು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಊಟ ಆದ ಮೇಲೆ ನನ್ನ ಮಾತು ಇಟ್ಟಿದ್ದಾರೆ. ವಿಷಯ ಮೊದಲೇ ಸರಿಯಾಗಿ ಗೊತ್ತಿದ್ದರೆ ಊಟಕ್ಕೆ ಬಹಳ ಮುಂಚೆ ಇಡುತ್ತಿದ್ದರೇನೋ. ಯಾಕೆಂದರೆ ಇನ್ನು ಮುಕ್ಕಾಲು ಗಂಟೆ ನಾನು ಮಾತಾಡುವುದು ಕಕ್ಕದ ಬಗ್ಗೆ. ಅದೂ ಹುಟ್ಟಿದ ಕೂಸಿನ ಮೊಟ್ಟಮೊದಲ ಕಕ್ಕದ ಬಗ್ಗೆ.

ಮುಂದಿನ ಸಾಲಿನ ಅಜ್ಜಿಯರು ನಗುತ್ತಿಲ್ಲ, ನೋಡಿ. ಅವರಿಗೆ ಗೊತ್ತು. ಬಾಣಂತಿಯನ್ನು ನೋಡಲು ಬಂದ ಹಿರಿಯರು ಕೇಳುವುದು ಎರಡೇ ಪ್ರಶ್ನೆ. ಕೂಸು ಮೊಲೆ ಹಿಡೀತಾ? ಕಕ್ಕ ಮಾಡಿತಾ? ಮಕ್ಕಳ ಸರ್ಜನ್ ಆಗಿ ಮೂವತ್ತು ವರ್ಷ ಕಳೆದ ಮೇಲೂ ಹೆರಿಗೆ ವಾರ್ಡಿಗೆ ಹೋದರೆ ನಾನು ಕೇಳುವುದು ಅದೇ ಎರಡು. ಜೊತೆಗೆ ಮೂರನೆಯದೊಂದು ಸೇರಿಸುತ್ತೇನೆ. ವಾಂತಿ ಮಾಡಿದ್ದರೆ, ಯಾವ ಬಣ್ಣ?

ಹೊಟ್ಟೆಯಲ್ಲಿರುವ ಮಗು ಏನೂ ತಿನ್ನುವುದಿಲ್ಲ ನಿಜ. ಆದರೆ ಸುತ್ತಲಿನ ಗರ್ಭದ ನೀರನ್ನು ಮೂರು ತಿಂಗಳ ಹೊತ್ತಿಗೇ ಕುಡಿಯಲು ಶುರು ಮಾಡುತ್ತದೆ. ಆ ನೀರಿನಲ್ಲಿ ತೇಲುವ ಚರ್ಮದ ಪುಡಿ, ಮೈಮೇಲಿನ ನವಿರು ಕೂದಲು, ಕರುಳಿನ ಒಳಪದರದಿಂದ ಉದುರಿದ ಕೋಶಗಳು, ಲೋಳೆ, ಪಿತ್ತ ಎಲ್ಲ ಸೇರಿ ಕರುಳಿನಲ್ಲಿ ಕೂರುತ್ತವೆ. ಅದೇ ಕರಿ ಕಕ್ಕ. ಡಾಕ್ಟರುಗಳು ಮೆಕೋನಿಯಂ ಅನ್ನುತ್ತಾರೆ. ಗ್ರೀಕರು ಗಸಗಸೆ ಗಿಡದ ರಸಕ್ಕೆ, ಅಂದರೆ ಅಫೀಮಿಗೆ ಇಟ್ಟಿದ್ದ ಹೆಸರಿನಿಂದ ಬಂದ ಪದ ಅದು. ಕಪ್ಪು ಹಸಿರು ಬಣ್ಣ, ಟಾರಿನ ಹಾಗೆ ಅಂಟು, ವಾಸನೆ ಇಲ್ಲ. ತಿಂಗಳು ತುಂಬಿ ಹುಟ್ಟಿದ ಬಹುಪಾಲು ಕೂಸುಗಳು ಇದನ್ನು 24 ಗಂಟೆಯೊಳಗೆ ಹೊರಹಾಕುತ್ತವೆ. 48 ಗಂಟೆ ಆಗುವ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲ ಕೂಸುಗಳೂ ಮಾಡಿರುತ್ತವೆ. ತಿಂಗಳು ತುಂಬದೆ ಹುಟ್ಟಿದವು ಸ್ವಲ್ಪ ತಡ ಮಾಡುವುದುಂಟು.

ಮಾಡದಿದ್ದರೆ? ಕಾರಣ ಹಲವು. ಗುದದ್ವಾರವೇ ಇಲ್ಲದಿರಬಹುದು, ಹುಟ್ಟಿದ ತಕ್ಷಣ ಕೂಸನ್ನು ಮಗುಚಿ ನೋಡಿದರೆ ಅದು ಗೊತ್ತಾಗಿಬಿಡುತ್ತದೆ. ಕರುಳು ನಡುವೆ ಎಲ್ಲೋ ಮುಚ್ಚಿಕೊಂಡಿರಬಹುದು. ದೊಡ್ಡ ಕರುಳಿನ ಕೊನೆಯಲ್ಲಿ ನರಕೋಶ ಬೆಳೆಯದೇ ಇರಬಹುದು. ಅದಕ್ಕೆ ಹಿರ್ಷ್‌ಸ್ಪ್ರಂಗ್ ಕಾಯಿಲೆ ಅನ್ನುತ್ತಾರೆ, ನಾವು ಜಾಸ್ತಿ ನೋಡುವುದು ಅದನ್ನೇ. ಇವತ್ತು ನಾನು ಹೇಳಲು ಬಂದಿರುವುದು ಇವೆಲ್ಲಕ್ಕಿಂತ ಅಪರೂಪದ ಇನ್ನೊಂದನ್ನು. ದಾರಿ ಇದೆ, ಕರುಳು ಇದೆ, ನರವೂ ಇದೆ. ಕಕ್ಕವೇ ಗಟ್ಟಿಯಾಗಿ ಕಚ್ಚಿಕೊಂಡಿದೆ. ಇದರ ಹೆಸರು ಮೆಕೋನಿಯಂ ಇಲಿಯಸ್. ಇಲಿಗೂ ಇದಕ್ಕೂ ಸಂಬಂಧ ಇಲ್ಲ. ಇಲಿಯಸ್ ಅಂದರೆ ಕರುಳು ಕಟ್ಟುವುದು.

ನಾನು ಇದನ್ನು ಕಲಿತ ಬಗೆ ಹೇಳಿಬಿಡುತ್ತೇನೆ. ಹೆಮ್ಮೆಯ ಕಥೆಯಲ್ಲ.

ನಾನಾಗ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತಷ್ಟೇ. ಮೂರು ದಿನದ ಗಂಡು ಕೂಸೊಂದನ್ನು ಬಸ್ಸಿನಲ್ಲಿ ತಂದಿದ್ದರು. ಹೊಟ್ಟೆ ತಮಟೆ ಥರ ಬಿಗಿದಿತ್ತು. ಹಸಿರು ವಾಂತಿ. ಮನೆಯಲ್ಲಿ ಎರಡು ಸಲ ಹರಳೆಣ್ಣೆ ನೆಕ್ಕಿಸಿದ್ದರು. ಹೊಟ್ಟೆ ತೆರೆದೆವು. ಸಣ್ಣ ಕರುಳು ಹೆಬ್ಬೆರಳಿಗಿಂತ ದಪ್ಪವಾಗಿ ಊದಿತ್ತು. ಒಳಗೆ ಕರಿ ಕಕ್ಕ ಹೇಗಿತ್ತು ಅಂದರೆ, ಹಲಸಿನ ಹಣ್ಣು ಬಿಡಿಸಿದ್ದೀರಲ್ಲ, ಆ ಮೇಣದ ಹಾಗೆ. ಕೈಗೆ ಹತ್ತಿದರೆ ಬಿಡುವುದಿಲ್ಲ. ಅದರ ಮುಂದೆ ಸಣ್ಣ ಕರುಳಿನ ಕೊನೆಯಲ್ಲಿ ಆಡಿನ ಹಿಕ್ಕೆಯಂಥ ಬೂದು ಬಣ್ಣದ ಗುಂಡುಗಳು ಸಾಲಾಗಿ ಕೂತಿದ್ದವು. ಅದಕ್ಕೂ ಮುಂದೆ ದೊಡ್ಡ ಕರುಳು ಪೆನ್ಸಿಲ್ಲಿನಷ್ಟು ಸಪೂರ. ಕಾಲುವೆಯ ಕೊನೆ ಭಾಗದ ಹೊಲಗಳನ್ನು ನೋಡಿದವರಿಗೆ ಅದು ಅರ್ಥವಾಗುತ್ತದೆ. ಮೇಲೆ ಎಲ್ಲೋ ಅಡ್ಡ ಬಿದ್ದಿದೆ, ಕೆಳಗೆ ಒಂದು ಹನಿಯೂ ಬಂದಿಲ್ಲ. ಕರುಳಿನೊಳಗೆ ಏನೂ ಹರಿಯದಿದ್ದರೆ ಅದು ಅಗಲವಾಗಿ ಬೆಳೆಯುವುದೇ ಇಲ್ಲ.

ಉಪ್ಪುನೀರು ಬಿಟ್ಟು ಬಿಟ್ಟು ತೊಳೆದೆವು. ಎರಡೂವರೆ ಗಂಟೆ. ಕೂಸು ಬದುಕಿತು. ಹದಿನೆಂಟನೇ ದಿನ ಮನೆಗೆ ಹೋಯಿತು. ಡಿಸ್ಚಾರ್ಜ್ ಚೀಟಿಯಲ್ಲಿ "ಕರುಳು ಕಟ್ಟಿತ್ತು, ಸರಿಪಡಿಸಲಾಗಿದೆ" ಎಂದು ಬರೆದು ದೊಡ್ಡದಾಗಿ ಸಹಿ ಹಾಕಿದೆ.

ಐದು ತಿಂಗಳಿಗೆ ಅದೇ ತಾಯಿ ವಾಪಸು ಬಂದರು. ಹುಟ್ಟಿದಾಗ ಎರಡೂಮುಕ್ಕಾಲು ಕೆಜಿ ಇದ್ದ ಕೂಸು ಮೂರೂವರೆಗೆ ನಿಂತಿತ್ತು. ಮೂರನೇ ಸಲ ನ್ಯುಮೋನಿಯಾ. ಕಕ್ಕ ಎಣ್ಣೆ ಎಣ್ಣೆ, ಕೆಟ್ಟ ವಾಸನೆ. ಆ ತಾಯಿ ಯಾವುದೋ ಮಾತಿನ ನಡುವೆ ಅಂದರು: "ಮುತ್ತಿಟ್ರೆ ಉಪ್ಪುಪ್ಪಾಗಿರ್ತೈತೆ ಸರ್, ಎಷ್ಟು ಸ್ನಾನ ಮಾಡಿಸಿದ್ರೂ." ಆಗ ನನಗೆ ತಲೆಗೆ ಹೊಡೆದಂತಾಯಿತು. ಆ ಕೂಸಿಗೆ ಸಿಸ್ಟಿಕ್ ಫೈಬ್ರೋಸಿಸ್ ಇತ್ತು. ಕರುಳು ಕಟ್ಟಿದ್ದೇ ಅದರ ಮೊದಲ ಸುಳಿವು. ನಾನು ಕರುಳು ತೊಳೆದೆ, ಯಾಕೆ ಕಟ್ಟಿತು ಅಂತ ಕೇಳಲಿಲ್ಲ. ಪುಸ್ತಕದಲ್ಲಿ ಓದಿದ್ದೆ. ಆದರೆ ಓದುವಾಗಲೇ "ಇದು ಬಿಳಿಯರ ಕಾಯಿಲೆ" ಅಂತ ತಲೆಯ ಒಂದು ಮೂಲೆಗೆ ತಳ್ಳಿದ್ದೆ. ಮಗು ಆ ಸಲ ಉಳಿಯಲಿಲ್ಲ.

ಸರಿ, ಏನಿದು ಸಿಸ್ಟಿಕ್ ಫೈಬ್ರೋಸಿಸ್? ಸಿ.ಎಫ್. ಅನ್ನೋಣ. ನಮ್ಮ ಕರುಳು, ಶ್ವಾಸಕೋಶ, ಮೇದೋಜೀರಕ ಗ್ರಂಥಿ, ಬೆವರಿನ ಗ್ರಂಥಿ, ಇವೆಲ್ಲದರ ಒಳಪದರದಲ್ಲಿ ಒಂದು ಸಣ್ಣ ಬಾಗಿಲಿದೆ. ಉಪ್ಪಿನ ಒಂದು ಭಾಗವಾದ ಕ್ಲೋರೈಡ್, ಸೋಡಾದ ಒಂದು ಭಾಗವಾದ ಬೈಕಾರ್ಬೊನೇಟ್, ಇವೆರಡೂ ಆ ಬಾಗಿಲಿನಿಂದ ಹೊರಗೆ ಬರುತ್ತವೆ. ಉಪ್ಪು ಹೋದಲ್ಲಿಗೆ ನೀರು ಹಿಂಬಾಲಿಸುತ್ತದೆ. ಆ ಬಾಗಿಲಿನ ಹೆಸರು ಸಿ.ಎಫ್.ಟಿ.ಆರ್. 1480 ಮಣಿಗಳ ಸರದಂಥ ಒಂದು ಪ್ರೊಟೀನ್ ಅದು. ಇದನ್ನು ಮಾಡುವ ಜೀನ್ ಇರುವುದು ಏಳನೇ ಕ್ರೋಮೋಸೋಮಿನಲ್ಲಿ. ಆ ಜೀನನ್ನು 1989ರಲ್ಲಿ ಲಾಪ್-ಚೀ ತ್ಸುಯಿ, ಜಾನ್ ರಿಯೊರ್ಡನ್, ಫ್ರಾನ್ಸಿಸ್ ಕಾಲಿನ್ಸ್ ಅವರ ತಂಡಗಳು ಹುಡುಕಿ ಹಿಡಿದವು. ಯುರೋಪಿಯನ್ ಮೂಲದ ರೋಗಿಗಳಲ್ಲಿ ಬಹಳ ಜನರಿಗೆ 508ನೇ ಮಣಿ ಒಂದೇ ಇರುವುದಿಲ್ಲ. ಒಂದು ಮಣಿ! ಅದೊಂದು ಇಲ್ಲದ್ದಕ್ಕೆ ಇಡೀ ಸರ ಸರಿಯಾಗಿ ಮಡಚಿಕೊಳ್ಳದೆ, ಕೋಶ ಅದನ್ನು ಕಸ ಅಂದುಕೊಂಡು ಎಸೆದುಬಿಡುತ್ತದೆ.

ಬಾಗಿಲು ತೆರೆಯದಿದ್ದರೆ ಕರುಳಿನೊಳಗೆ ನೀರು ಕಮ್ಮಿ. ನೀರು ಕಮ್ಮಿಯಾದ ರಾಗಿ ಮುದ್ದೆ ತಪ್ಪಲೆಗೂ ಕೋಲಿಗೂ ಕಚ್ಚಿಕೊಳ್ಳುವುದನ್ನು ನೋಡಿದ್ದೀರಿ. ಅದು ಅರ್ಧ ಕಥೆ. ಇನ್ನರ್ಧ ಲೋಳೆಯದ್ದು. ಕರುಳಿನ ಕೋಶದೊಳಗೆ ಲೋಳೆ ಒಣಗಿದ ಕಾಮಕಸ್ತೂರಿ ಬೀಜದ ಹಾಗೆ ಒತ್ತೊತ್ತಾಗಿ ಇರುತ್ತದೆ. ಹೊರಗೆ ಬಂದು ಬೈಕಾರ್ಬೊನೇಟ್ ಸಿಕ್ಕ ಮೇಲೆಯೇ ಅದು ನೆನೆದ ಬೀಜದಂತೆ ಉಬ್ಬಿ ಜಾರುವುದು. ಬೈಕಾರ್ಬೊನೇಟ್ ಸಿಗದಿದ್ದರೆ ಉಬ್ಬುವುದಿಲ್ಲ, ಅಂಟಿಕೊಂಡೇ ಇರುತ್ತದೆ. ಬೆವರಿನಲ್ಲಿ ಮಾತ್ರ ಇದೇ ಬಾಗಿಲು ಉಲ್ಟಾ ಕೆಲಸ ಮಾಡುತ್ತದೆ. ಅಲ್ಲಿ ಅದು ಉಪ್ಪನ್ನು ಒಳಗೆ ಎಳೆದುಕೊಳ್ಳಬೇಕು. ಅದು ಮುಚ್ಚಿದ್ದರೆ ಉಪ್ಪು ಮೈಮೇಲೆ ಉಳಿಯುತ್ತದೆ. ಆ ತಾಯಿಯ ಮುತ್ತಿಗೆ ಉಪ್ಪು ಹತ್ತಿದ್ದು ಅದಕ್ಕೇ.

ಇಲ್ಲಿ ಒಂದು ಹಳೇ ಕಥೆ ಹೇಳದೆ ನನ್ನ ಕೈಲಿ ಮುಂದೆ ಹೋಗಲಾಗುವುದಿಲ್ಲ. ಕಾರ್ಲ್ ಲ್ಯಾಂಡ್‌ಸ್ಟೈನರ್ ಹೆಸರು ನರ್ಸ್‌ಗಳು ಕೇಳಿರುತ್ತೀರಿ. ರಕ್ತದ ಗುಂಪುಗಳನ್ನು ಕಂಡುಹಿಡಿದು 1930ರಲ್ಲಿ ನೊಬೆಲ್ ಪಡೆದವರು. ಅದೇ ಮನುಷ್ಯ 1905ರಲ್ಲಿ ವಿಯೆನ್ನಾದಲ್ಲಿ, ಕರಿ ಕಕ್ಕ ಗಟ್ಟಿಯಾಗಿ ಕರುಳು ಕಟ್ಟಿ ಸತ್ತ ಕೂಸೊಂದರ ಬಗ್ಗೆ ಬರೆದರು. ಕರುಳಿನ ಜೊತೆ ಮೇದೋಜೀರಕ ಗ್ರಂಥಿಯೂ ಕೆಟ್ಟಿದ್ದನ್ನು ಅವರು ಗಮನಿಸಿದ್ದರು. ಎರಡಕ್ಕೂ ನಂಟಿರಬೇಕು ಅನ್ನುವುದು ಅವರ ಅನುಮಾನ. ಆಗ ಈ ಕಾಯಿಲೆಗೆ ಹೆಸರೇ ಇರಲಿಲ್ಲ. ಹೆಸರಿಟ್ಟವರು ನ್ಯೂಯಾರ್ಕಿನ ಡೊರೊತಿ ಆಂಡರ್ಸನ್, 1938ರಲ್ಲಿ. ಸರ್ಜನ್ ಆಗಬೇಕೆಂದಿದ್ದವರು. ಹೆಣ್ಣೆಂಬ ಕಾರಣಕ್ಕೆ ಆ ತರಬೇತಿ ಸಿಗದೆ ಶವಪರೀಕ್ಷೆಯ ವಿಭಾಗಕ್ಕೆ ಬಂದವರು. ಸರ್ಜನ್ ಆಗಿದ್ದರೆ ನನ್ನ ಹಾಗೆ ಕರುಳು ತೊಳೆದು ಸಹಿ ಹಾಕಿ ಸುಮ್ನೆ ಕೂರುತ್ತಿದ್ದರೋ ಏನೋ. ಶವಪರೀಕ್ಷೆಯ ಮೇಜಿನ ಮುಂದೆ ನಿಂತಿದ್ದರಿಂದ "ಯಾಕೆ" ಎಂದು ಕೇಳಿದರು.

ಲ್ಯಾಂಡ್‌ಸ್ಟೈನರ್ ಅನುಮಾನದಿಂದ ಒಂದು ವಾದ ಬೆಳೆಯಿತು. ಮೇದೋಜೀರಕ ಗ್ರಂಥಿಯ ಜೀರ್ಣರಸ ಬಾರದೆ ಇರುವುದರಿಂದಲೇ ಕಕ್ಕ ಗಟ್ಟಿಯಾಗುತ್ತದೆ ಅಂತ. ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದ್ದು ಹಂದಿಮರಿಗಳು. 2008ರಲ್ಲಿ ಅಮೆರಿಕದ ಅಯೋವಾ ಮತ್ತು ಮಿಸೌರಿಯ ವಿಜ್ಞಾನಿಗಳು ಸಿ.ಎಫ್. ಇರುವ ಹಂದಿಮರಿಗಳನ್ನು ಹುಟ್ಟಿಸಿದರು. ಮನುಷ್ಯರಲ್ಲಿ ಸಿ.ಎಫ್. ಇರುವ ನೂರು ಕೂಸುಗಳಲ್ಲಿ ಸುಮಾರು 15ರಿಂದ 20ಕ್ಕೆ ಹುಟ್ಟುವಾಗಲೇ ಕರುಳು ಕಟ್ಟಿರುತ್ತದೆ. ಹಂದಿಮರಿಗಳಲ್ಲಿ ನೂರಕ್ಕೆ ನೂರು. ಐದು ವರ್ಷದ ನಂತರ, ಕರುಳಿನಲ್ಲಿ ಮಾತ್ರ ಆ ಬಾಗಿಲನ್ನು ವಾಪಸು ಕೂರಿಸಿದ ಮರಿಗಳನ್ನು ಹುಟ್ಟಿಸಿದರು. ಅವುಗಳ ಮೇದೋಜೀರಕ ಗ್ರಂಥಿ ಹಾಳಾಗಿಯೇ ಇತ್ತು. ಆದರೂ ಕರುಳಿನ ಕಟ್ಟು ಬಿಟ್ಟಿತ್ತು. ಅಂದರೆ ಮುಖ್ಯ ತಕರಾರು ಕರುಳಿನದ್ದೇ. ಲ್ಯಾಂಡ್‌ಸ್ಟೈನರ್ ಬರೆದ 108 ವರ್ಷಕ್ಕೆ ಬಂದ ಉತ್ತರ ಇದು. ಹಾಗಂತ ಅವರು ಕಂಡ ನಂಟು ಸುಳ್ಳಲ್ಲ. ಎರಡೂ ಕೆಟ್ಟಿದ್ದು ಒಂದೇ ಬಾಗಿಲಿನಿಂದ.

ಈಗ ಕೂಸಿನ ಹತ್ತಿರ ಬರೋಣ. ಹೊಟ್ಟೆ ಉಬ್ಬರ, ಹಸಿರು ವಾಂತಿ, ಕಕ್ಕ ಇಲ್ಲ. ಈ ಮೂರು ಒಟ್ಟಿಗೆ ಕಂಡರೆ ಕಾಯಬಾರದು. ಮೂರೂ ಬರಲಿ ಅಂತಲೂ ಕಾಯಬೇಡಿ. ಹಸಿರು ವಾಂತಿ ಒಂದೇ ಸಾಕು, ಗಾಡಿ ಹತ್ತಿಸಿ. ಮೊಸರಿನಂಥ ಬಿಳಿ ವಾಂತಿ ಬೇರೆ. ಅದು ಹಾಲು ಕಕ್ಕುವುದು. ಹಸಿರು ಅಂದರೆ ಪಿತ್ತ. ಪಿತ್ತ ಕೆಳಗೆ ಹೋಗಲಾರದೆ ಮೇಲೆ ಬಂದಿದೆ ಅಂತ ಅರ್ಥ. ಯಾವ ಕಾರಣದಿಂದ ಅನ್ನುವುದು ಆಮೇಲೆ ನೋಡಿಕೊಳ್ಳುವ ವಿಚಾರ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರೆ ಊದಿದ ಕರುಳು ಕಾಣುತ್ತದೆ. ಕೆಲವೊಮ್ಮೆ ಹೊಟ್ಟೆಯ ಬಲಗಡೆ ಕೆಳಗೆ, ಗಾಳಿ ಮತ್ತು ಕಕ್ಕ ಕಲಸಿಕೊಂಡು ಸೋಪಿನ ನೊರೆಯಂಥ ಚಿತ್ರ ಬರುತ್ತದೆ. ಅಲ್ಲಲ್ಲಿ ಸುಣ್ಣದ ಚುಕ್ಕಿ ಕಂಡರೆ, ಗರ್ಭದಲ್ಲೇ ಕರುಳು ತೂತಾಗಿ ಕಕ್ಕ ಹೊಟ್ಟೆಯೊಳಗೆ ಚೆಲ್ಲಿತ್ತು ಎಂದು ಗೊತ್ತಾಗುತ್ತದೆ. ಹೆಚ್ಚುಕಮ್ಮಿ ಅರ್ಧದಷ್ಟು ಕೂಸುಗಳಲ್ಲಿ ಇಂಥ ತೊಡಕು ಇರುತ್ತದೆ. ತುಂಬಿ ಭಾರವಾದ ಕರುಳು ಜೋಲಾಡುತ್ತಾ ತನ್ನ ಸುತ್ತ ತಾನೇ ತಿರುಚಿಕೊಳ್ಳುತ್ತದೆ, ರಕ್ತ ನಿಲ್ಲುತ್ತದೆ, ಆ ತುಂಡು ಸತ್ತುಹೋಗುತ್ತದೆ. ಅಂಥವಕ್ಕೆ ಆಪರೇಷನ್ ಬಿಟ್ಟು ದಾರಿ ಇಲ್ಲ.

ತೊಡಕು ಇಲ್ಲದ ಕೂಸುಗಳಿಗೆ ಹೊಟ್ಟೆ ತೆರೆಯದೆ ಮಾಡುವ ಒಂದು ಉಪಾಯ ಇದೆ. 1969ರಲ್ಲಿ ಹೆಲೆನ್ ನೋಬ್ಲೆಟ್ ಎಂಬ ಸರ್ಜನ್ ಇದರ ಬಗ್ಗೆ ಬರೆದರು. ಎಕ್ಸ್‌ರೇಯಲ್ಲಿ ಕರುಳು ಬೆಳ್ಳಗೆ ಕಾಣಲಿ ಎಂದು ಬಳಸುವ ಗ್ಯಾಸ್ಟ್ರೋಗ್ರಾಫಿನ್ ಎಂಬ ದ್ರವವನ್ನು ಗುದದ ದಾರಿಯಿಂದ ಎನಿಮಾ ಕೊಡುವುದು. ಆ ದ್ರವ ರಕ್ತಕ್ಕಿಂತ ಆರೇಳು ಪಟ್ಟು ಸಾಂದ್ರ. ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿ ಉಪ್ಪು ಹಾಕಿಟ್ಟರೆ ರಾತ್ರಿ ಕಳೆಯುವುದರೊಳಗೆ ಜಾಡಿ ತುಂಬ ನೀರು ಬಿಟ್ಟಿರುತ್ತದಲ್ಲ, ಹಾಗೆ ಈ ದ್ರವ ಕರುಳಿನ ಗೋಡೆಯಿಂದ ನೀರನ್ನು ಒಳಗೆ ಎಳೆಯುತ್ತದೆ. ಗಟ್ಟಿ ಕಕ್ಕ ನೆನೆದು ಜಾರುತ್ತದೆ. ಕೆಲವು ಗಂಟೆಗಳಲ್ಲಿ ಕೂಸು ತಾನೇ ಕಕ್ಕ ಮಾಡಿದಾಗ ವಾರ್ಡಿನಲ್ಲಿ ಎಲ್ಲರೂ ಒಂದು ಬಟ್ಟೆಯ ಸುತ್ತ ನಿಂತು ಸಂಭ್ರಮ ಪಡುವುದನ್ನು ನೀವು ನೋಡಬೇಕು.

ಆದರೆ ಆ ನೀರು ಎಲ್ಲಿಂದ ಬಂತು? ಕೂಸಿನ ರಕ್ತದಿಂದ. ಮೂರು ಕೆಜಿ ಕೂಸಿನಲ್ಲಿ ಇರುವ ರಕ್ತವೇ ಕಾಲು ಲೀಟರಿನ ಆಸುಪಾಸು. ಅದಕ್ಕೆ ಡ್ರಿಪ್ ಹಾಕದೆ ಈ ಎನಿಮಾ ಕೊಡಬಾರದು. ನೋಬ್ಲೆಟ್ ಅದನ್ನು ಒತ್ತಿ ಹೇಳಿದ್ದರು. ಎಕ್ಸ್‌ರೇ ಪರದೆ ನೋಡುತ್ತಲೇ ಕೊಡಬೇಕು, ಪಕ್ಕದಲ್ಲಿ ಸರ್ಜನ್ ಸಿದ್ಧ ಇರಬೇಕು ಅಂತಲೂ. ಯಾಕೆಂದರೆ ಕರುಳು ತೂತಾಗುವ ಅಪಾಯ ಇದ್ದೇ ಇದೆ. ಹಳೆಯ ವರದಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೂಸುಗಳಿಗೆ ಇಷ್ಟರಿಂದಲೇ ವಾಸಿಯಾಗಿದೆ. ಈಚಿನ ವರದಿಗಳಲ್ಲಿ ಆ ಪ್ರಮಾಣ ಕಮ್ಮಿ, ಮೂರರಲ್ಲಿ ಒಂದರ ಆಸುಪಾಸು. ಈಗಿನವರು ಅಪಾಯಕ್ಕೆ ಹೆದರಿ ಒಂದೇ ಸಲಕ್ಕೆ ಕೈಬಿಡುತ್ತಾರೆ ಅನ್ನುವುದು ನನ್ನ ಅನಿಸಿಕೆ.

ಆಪರೇಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1948ರಲ್ಲಿ ಹಯಾಟ್ ಮತ್ತು ವಿಲ್ಸನ್ ಎಂಬಿಬ್ಬರು ಕರುಳಿಗೆ ಸಣ್ಣ ಗಾಯ ಮಾಡಿ, ಉಪ್ಪುನೀರಿನಿಂದ ತೊಳೆದು ಕೂಸುಗಳನ್ನು ಉಳಿಸಿದ ವರದಿ ಬರುವವರೆಗೂ ಈ ಕಾಯಿಲೆ ಅಂದರೆ ಸಾವೇ ಆಗಿತ್ತು. 1957ರಲ್ಲಿ ಬಿಷಪ್ ಮತ್ತು ಕೂಪ್ ಇನ್ನೊಂದು ದಾರಿ ತೋರಿಸಿದರು. ಊದಿದ ಕರುಳನ್ನು ಸಪೂರ ಕರುಳಿನ ಪಕ್ಕಕ್ಕೆ ಜೋಡಿಸಿ, ಸಪೂರ ಕರುಳಿನ ಬಾಯಿಯನ್ನು ಅಡುಗೆಮನೆಯ ಹೊಗೆಗೂಡಿನ ಹಾಗೆ ಹೊಟ್ಟೆಯ ಹೊರಗೆ ಬಿಡುವುದು. ಆ ಬಾಯಿಯಿಂದ ದಿನಾ ತೊಳೆಯಬಹುದು. ಕೆಳಗಿನ ದಾರಿ ಬಿಟ್ಟಂತೆ ಕಕ್ಕ ತಾನಾಗಿ ಕೆಳಗೆ ಇಳಿಯುತ್ತದೆ. ಹೊಟ್ಟೆಯ ಮೇಲೆ ಕರುಳಿನ ಬಾಯಿ ನೋಡಿ ಮನೆಯವರು ಹೌಹಾರುತ್ತಾರೆ. ಅದು ಕೆಲವು ವಾರಗಳ ಮಟ್ಟಿಗೆ, ಆಮೇಲೆ ಮುಚ್ಚುತ್ತೇವೆ ಎಂದು ಮೊದಲೇ ಕೂರಿಸಿ ಹೇಳಬೇಕು. ಇವತ್ತು ಒಳ್ಳೆಯ ಸೌಲಭ್ಯ ಇರುವ ಕಡೆ ನೂರಕ್ಕೆ 90ಕ್ಕಿಂತ ಜಾಸ್ತಿ ಕೂಸುಗಳು ಬದುಕುತ್ತವೆ.

ನನ್ನ ಮಾತಿನ ಮುಖ್ಯ ಭಾಗ ಈಗ ಬರುತ್ತದೆ. ಕರುಳು ಬಿಟ್ಟಿತು, ಕೂಸು ಹಾಲು ಕುಡಿಯಿತು. ಅಲ್ಲಿಗೆ ಫೈಲ್ ಮುಚ್ಚಬಾರದು. ಕರಿ ಕಕ್ಕ ಹೀಗೆ ಮೇಣದಂತೆ ಕಚ್ಚಿಕೊಂಡಿತ್ತು ಅಂದರೆ, ಬೇರೆ ಕಾರಣ ಗಟ್ಟಿಯಾಗಿ ಸಿಗುವ ತನಕ ಸಿ.ಎಫ್. ಇದೆ ಎಂದೇ ಹಿಡಿದು ಪರೀಕ್ಷೆ ಮಾಡಿಸಬೇಕು.

ಪರೀಕ್ಷೆ ಯಾವುದು? ಬೆವರಿನದ್ದು. 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಭಾರೀ ಸೆಕೆ. ನೀರು, ಉಪ್ಪು ಕಳೆದುಕೊಂಡು ಸುಸ್ತಾಗಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಸಿ.ಎಫ್. ಮಕ್ಕಳೇ ಎದ್ದು ಕಾಣುತ್ತಿದ್ದರು. ಆ ಎಳೆ ಹಿಡಿದು ಹೊರಟ ಪಾಲ್ ಡಿ ಸಾಂಟ್‌ಆಗ್ನೀಸ್ 1953ರಲ್ಲಿ ಆ ಮಕ್ಕಳ ಬೆವರಿನಲ್ಲಿ ಉಪ್ಪು ಜಾಸ್ತಿ ಎಂದು ತೋರಿಸಿದರು. ಆರು ವರ್ಷದ ನಂತರ ಗಿಬ್ಸನ್ ಮತ್ತು ಕುಕ್ ಬೆವರು ಬರಿಸುವ ಸುಲಭ ದಾರಿ ಕಂಡುಕೊಂಡರು. ತೋಳಿನ ಮೇಲೆ ಪೈಲೊಕಾರ್ಪಿನ್ ಔಷಧ ಇಟ್ಟು, ಬಹಳ ಸಣ್ಣ ಕರೆಂಟ್ ಹರಿಸಿ, ಬೆವರು ಬರಿಸಿ ಅರ್ಧ ಗಂಟೆ ಹಿಡಿದಿಡುವುದು. ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಜಾಸ್ತಿ ಇದ್ದರೆ ಸಿ.ಎಫ್.; 30ಕ್ಕಿಂತ ಕಮ್ಮಿ ಇದ್ದರೆ ಬಹುಮಟ್ಟಿಗೆ ಅಲ್ಲ. ನಡುವೆ ಬಂದರೆ ಮತ್ತೆ ಮಾಡಿ, ಜೀನ್ ಪರೀಕ್ಷೆಯನ್ನೂ ಮಾಡಿಸಬೇಕು. ಸೂಜಿ ಇಲ್ಲ, ನೋವಿಲ್ಲ. ಕೂಸು ಎರಡು ಕೆಜಿ ದಾಟಿರಬೇಕು, ಎರಡು ವಾರ ಆಗಿದ್ದರೆ ಒಳ್ಳೆಯದು. ಅದಕ್ಕಿಂತ ಮುಂಚೆ ಬೆವರು ಸಾಕಷ್ಟು ಸಿಗುವುದಿಲ್ಲ.

ಬ್ರಿಟನ್ನಿನಲ್ಲಿ 2007ರಿಂದ, ಅಮೆರಿಕದ ಎಲ್ಲ ರಾಜ್ಯಗಳಲ್ಲಿ 2010ರಿಂದ, ಪ್ರತಿ ಕೂಸಿನ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಸಿ.ಎಫ್. ತಪಾಸಣೆ ಮಾಡುತ್ತಾರೆ. ನಮ್ಮಲ್ಲಿ ಎಲ್ಲ ಕೂಸುಗಳಿಗೂ ಅದು ಇಲ್ಲ. ಕೆಲವು ಖಾಸಗಿ ಆಸ್ಪತ್ರೆಗಳು ಮಾಡುತ್ತವೆ. ಅಲ್ಲಿ ಒಂದು ಬಲೆ ಇದೆ, ನರ್ಸ್‌ಗಳು ದಯವಿಟ್ಟು ಗಮನಿಸಿ. ಕರುಳು ಕಟ್ಟಿದ ಕೂಸುಗಳಲ್ಲೇ ಈ ರಕ್ತದ ಪರೀಕ್ಷೆ ಕೆಲವೊಮ್ಮೆ ಸುಳ್ಳಾಗಿ ನಾರ್ಮಲ್ ಬರುತ್ತದೆ. "ಸ್ಕ್ರೀನಿಂಗ್ ನಾರ್ಮಲ್ ಇದೆ ಸರ್" ಅಂತ ಬೆವರಿನ ಪರೀಕ್ಷೆ ಬಿಡಬೇಡಿ. ಇನ್ನೊಂದು ಬಲೆ ಜೀನ್ ಪರೀಕ್ಷೆಯದ್ದು. 508ನೇ ಮಣಿ ಇಲ್ಲದ ದೋಷ ಭಾರತದ ರೋಗಿಗಳಲ್ಲಿ ಯುರೋಪಿನಷ್ಟು ಸಾಮಾನ್ಯ ಅಲ್ಲ. ಈ ಜೀನಿನಲ್ಲಿ 2000ಕ್ಕೂ ಜಾಸ್ತಿ ಬಗೆಯ ಬದಲಾವಣೆಗಳು ವರದಿಯಾಗಿವೆ. ಯುರೋಪಿನವರಿಗಾಗಿ ಆರಿಸಿದ ಹತ್ತಿಪ್ಪತ್ತು ದೋಷಗಳನ್ನಷ್ಟೇ ಹುಡುಕುವ ಅಗ್ಗದ ಕಿಟ್ ನಮ್ಮ ಮಗುವಿನಲ್ಲಿ "ಏನೂ ಇಲ್ಲ" ಅಂದರೆ, ಅದು ಇಲ್ಲ ಅಂದಂತೆ ಅಲ್ಲ.

ಹಾಗಾದರೆ ನಮ್ಮಲ್ಲಿ ಇದು ಎಷ್ಟಿದೆ? ಯುರೋಪಿಯನ್ ಮೂಲದವರಲ್ಲಿ 2500ರಿಂದ 3500 ಹೆರಿಗೆಗೆ ಒಂದು ಕೂಸು. ಪಶ್ಚಿಮದ ದೇಶಗಳಿಗೆ ಹೋಗಿ ನೆಲೆಸಿದ ಭಾರತೀಯ ಮೂಲದವರನ್ನು ನೋಡಿ ಮಾಡಿದ ಅಂದಾಜು 10,000ದಿಂದ 40,000ಕ್ಕೆ ಒಂದು. ಕಮ್ಮಿ ಅನ್ನಿಸುತ್ತದೆ. ಆದರೆ ನಮ್ಮಲ್ಲಿ ಹುಟ್ಟುವ ಕೂಸುಗಳ ಲೆಕ್ಕ ಹಾಕಿ ನೋಡಿ. ದೆಹಲಿಯ ಏಮ್ಸ್‌ನ ಮಕ್ಕಳ ವೈದ್ಯ ಎಸ್.ಕೆ. ಕಾಬ್ರ ಮತ್ತು ಅವರ ಜೊತೆಯವರು ಬೆವರಿನ ಪರೀಕ್ಷೆಗೆ ಕಡಿಮೆ ಖರ್ಚಿನ ಉಪಕರಣ ಮಾಡಿಕೊಂಡು ಹುಡುಕಲು ಶುರು ಮಾಡಿದ ಮೇಲೆ ಮಕ್ಕಳು ಸಿಗುತ್ತಲೇ ಹೋದರು.

ಗೊತ್ತಾದರೆ ಮಾಡಲು ಕೆಲಸ ಇದೆ, ಅದಕ್ಕೇ ಇಷ್ಟು ಹೇಳುತ್ತಿರುವುದು. ಕರುಳು ಕಟ್ಟಿ ಹುಟ್ಟಿದ ಸಿ.ಎಫ್. ಕೂಸುಗಳಲ್ಲಿ ಹೆಚ್ಚುಕಮ್ಮಿ ಎಲ್ಲಕ್ಕೂ ಮೇದೋಜೀರಕ ಗ್ರಂಥಿ ಕೆಲಸ ಮಾಡುವುದಿಲ್ಲ. ಕುಡಿದ ಹಾಲಿನ ಕೊಬ್ಬು ಹಾಗೇ ಹೊರಗೆ ಹೋಗುತ್ತದೆ. ಪ್ರತಿ ಸಲ ಹಾಲು ಕೊಡುವಾಗ ಜೀರ್ಣರಸದ ಕಾಳು ಕೊಡಬೇಕು. ಕ್ಯಾಪ್ಸೂಲ್ ಬಿಡಿಸಿ, ಒಳಗಿನ ಸಣ್ಣ ಕಾಳುಗಳನ್ನು ಹಿಂಡಿದ ಎದೆಹಾಲಿನಲ್ಲೋ ಹಣ್ಣಿನ ತಿಳಿಯಲ್ಲೋ ಚಮಚದ ತುದಿಯಿಂದ ಕೊಟ್ಟು, ತಕ್ಷಣ ಮೊಲೆಗೆ ಹಾಕಿಕೊಳ್ಳುವುದು. ಆಮೇಲೆ ಬಾಯಲ್ಲಿ ಕಾಳು ಉಳಿದಿದೆಯಾ ಅಂತ ಬೆರಳಿನಿಂದ ನೋಡಬೇಕು. ಉಳಿದರೆ ಕೂಸಿನ ಬಾಯಿ ಹುಣ್ಣಾಗುತ್ತದೆ, ತಾಯಿಯ ಮೊಲೆತೊಟ್ಟೂ ಹುಣ್ಣಾಗುತ್ತದೆ. ಎದೆಹಾಲು ನಿಲ್ಲಿಸಬೇಕಿಲ್ಲ. ಎ, ಡಿ, ಇ, ಕೆ ವಿಟಮಿನ್ ಬೇಕು. ಮತ್ತೆ ಉಪ್ಪು. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ತಿಂಗಳನ್ನು ನೆನಪಿಸಿಕೊಳ್ಳಿ. ಆ ಬಿಸಿಲಿನಲ್ಲಿ ಈ ಕೂಸುಗಳು ಬೆವರಿನಲ್ಲೇ ಉಪ್ಪು ಕಳೆದುಕೊಂಡು ಜೋಲಿಬಿಡುತ್ತವೆ. ಹೊಟ್ಟೆಯ ಮೇಲೆ ಕರುಳಿನ ಬಾಯಿ ಇದ್ದರಂತೂ ಅಲ್ಲಿಂದಲೂ ಉಪ್ಪು ಸೋರುತ್ತದೆ, ತೂಕವೇ ಏರುವುದಿಲ್ಲ. ಸಣ್ಣ ಕೂಸಿಗೆ ಉಪ್ಪು ಕೊಡಬಾರದು ಎಂದು ನಾವೇ ನಿಮಗೆ ಹೇಳಿಕೊಟ್ಟಿದ್ದೇವೆ. ಈ ಕೂಸುಗಳಿಗೆ ಮಾತ್ರ ಡಾಕ್ಟರು ಅಳೆದು ಬರೆದುಕೊಟ್ಟಷ್ಟು ಉಪ್ಪು ಕೊಡಲೇಬೇಕು.

ಇಷ್ಟು ಸಾಕು. ಪ್ರಶ್ನೆ ಕೇಳಿ.

ಒಬ್ಬ ನರ್ಸ್ ಕೇಳಿದರು: "ಸರ್, ಇದು ಗರ್ಭಿಣಿ ಸ್ಕ್ಯಾನಿಂಗ್‌ನಲ್ಲೇ ಗೊತ್ತಾಗಲ್ವಾ?"

ಕೆಲವೊಮ್ಮೆ ಸುಳಿವು ಸಿಗುತ್ತದೆ. ಮಗುವಿನ ಕರುಳು ಮೂಳೆಯಷ್ಟು ಬೆಳ್ಳಗೆ ಕಾಣುತ್ತದೆ, ಇಲ್ಲವೇ ಊದಿರುತ್ತದೆ. ಆದರೆ ಕರುಳು ಬೆಳ್ಳಗೆ ಕಂಡ ಬಹುಪಾಲು ಮಕ್ಕಳು ಸರಿಯಾಗಿಯೇ ಹುಟ್ಟುತ್ತವೆ. ಗಾಬರಿ ಬೇಡ. ಅಪ್ಪ ಅಮ್ಮ ಇಬ್ಬರ ಜೀನ್ ಪರೀಕ್ಷೆ ಮಾಡಿಸಿ, ಹೆರಿಗೆಯನ್ನು ಸರ್ಜನ್ ಇರುವ ಊರಿನಲ್ಲಿ ಮಾಡಿಸಿದರೆ ಸಾಕು. ಇದರ ಮುಂದಿನದು ಇನ್ನೂ ಅಚ್ಚರಿ. ಆ ಬಾಗಿಲನ್ನೇ ರಿಪೇರಿ ಮಾಡುವ ಮೂರು ಔಷಧಗಳ ಒಂದು ಮಾತ್ರೆ 2019ರಲ್ಲಿ ಅಮೆರಿಕದಲ್ಲಿ ಬಂತು. ಸ್ಕ್ಯಾನಿಂಗ್‌ನಲ್ಲಿ ಕರುಳು ಕಟ್ಟಿದ್ದು ಕಂಡ ಮಗುವಿಗಾಗಿ ಗರ್ಭಿಣಿ ತಾಯಿಯೇ ಅದನ್ನು ನುಂಗಿ, ಹೆರಿಗೆಗೆ ಮೊದಲೇ ಕರುಳಿನ ಊತ ಇಳಿದ ಕೆಲವು ವರದಿಗಳು ಬಂದಿವೆ. ಎಲ್ಲ ಬಗೆಯ ಜೀನ್ ದೋಷಕ್ಕೂ ಅದು ನಡೆಯುವುದಿಲ್ಲ. ಅಮೆರಿಕದಲ್ಲಿ ಅದರ ಬೆಲೆ ವರ್ಷಕ್ಕೆ 3 ಲಕ್ಷ ಡಾಲರಿಗೂ ಜಾಸ್ತಿ. ರೂಪಾಯಿಗೆ ಪರಿವರ್ತಿಸುವ ಧೈರ್ಯ ನನಗಿಲ್ಲ.

ಹಿಂದೆ ನಿಂತಿದ್ದ ಯುವಕರೊಬ್ಬರು: "ನಾನು ಅಕ್ಕನ ಮಗಳನ್ನೇ ಮದುವೆ ಆಗಿದೀನಿ ಸರ್. ನಮಗೂ ಹಿಂಗಾಗಬಹುದಾ?"

ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟ ಜೀನ್ ಬಂದರೆ ಮಾತ್ರ ಈ ಕಾಯಿಲೆ. ಒಂದೇ ಇದ್ದವರಿಗೆ ಏನೂ ಆಗುವುದಿಲ್ಲ, ಅವರಿಗೆ ಗೊತ್ತೂ ಆಗುವುದಿಲ್ಲ. ಇಬ್ಬರಲ್ಲೂ ಒಂದೊಂದು ಇದ್ದರೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಒಂದೇ ಮನೆತನದವರಾದರೆ ಒಂದೇ ಕೆಟ್ಟ ಜೀನ್ ಇಬ್ಬರಲ್ಲೂ ಇರುವ ಸಂಭವ ಜಾಸ್ತಿ, ಅಷ್ಟೇ. ಆಗಿಯೇ ತೀರುತ್ತದೆ ಅಂತ ಅಲ್ಲ. ನಿಮ್ಮ ಮನೆತನದಲ್ಲಿ ಹುಟ್ಟಿ ಕೆಲವೇ ದಿನಕ್ಕೆ ಹೊಟ್ಟೆ ಉಬ್ಬಿ ತೀರಿಕೊಂಡ ಕೂಸು ಯಾವುದಾದರೂ ಇತ್ತಾ ಅಂತ ಹಿರಿಯರನ್ನು ಕೇಳಿ ನೋಡಿ. ಇದ್ದರೆ ಹೆರಿಗೆಗೆ ಮುಂಚೆ ಡಾಕ್ಟರಿಗೆ ಹೇಳಿ.

ಮುಂದಿನ ಸಾಲಿನ ಅಜ್ಜಿ: "ಹರಳೆಣ್ಣೆ ಹಾಕಿದ್ರೆ ತಪ್ಪೇನು ಡಾಕ್ಟ್ರೇ? ನಾನು ಏಳು ಮಕ್ಕಳಿಗೆ ಹಾಕೀನಿ."

ಏಳಕ್ಕೂ ದಾರಿ ತೆರೆದಿತ್ತು ಅಜ್ಜಿ, ಅದಕ್ಕೆ ನಡೆಯಿತು. ಕಟ್ಟಿದ ಕರುಳಿಗೆ ಹರಳೆಣ್ಣೆ ಹಾಕಿದರೆ ಕರುಳು ಇನ್ನೂ ಜೋರಾಗಿ ಹಿಂಡುತ್ತದೆ, ಮುಂದೆ ದಾರಿ ಇಲ್ಲ. ವಾಂತಿಯಾಗಿ ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಅದು ಬೇರೆ ಕಷ್ಟ. ಎಲ್ಲಕ್ಕಿಂತ ದೊಡ್ಡ ನಷ್ಟ ಅಂದರೆ, ಎಣ್ಣೆ ಹಾಕಿದ್ದೀವಲ್ಲ ನೋಡೋಣ ಅಂತ ಮನೆಯವರು ಒಂದು ದಿನ ಕಾಯುತ್ತಾರೆ. ಆ ಒಂದು ದಿನದಲ್ಲಿ ಕರುಳು ತೂತಾಗಬಹುದು. "ಕಕ್ಕ ಮಾಡಿತಾ" ಅಂತ ನೀವು ಕೇಳುವ ಪ್ರಶ್ನೆ ಸರಿ ಇದೆ. ಎಣ್ಣೆ ಒಂದು ಬೇಡ.

ಕೊನೆಗೆ ಆಶಾ ಕಾರ್ಯಕರ್ತೆಯೊಬ್ಬರು: "ನಾವು ಮನೆಗೆ ಹೋಗೋದೇ ಮೂರನೇ ದಿನ ಸರ್. ಅಷ್ಟೊತ್ತಿಗೆ 48 ಗಂಟೆ ದಾಟಿರುತ್ತೆ. ನಮಗೆ ಹೆಂಗೆ ಗೊತ್ತಾಗಬೇಕು?"

ಒಳ್ಳೆಯ ಪ್ರಶ್ನೆ. ಇದು ಆಸ್ಪತ್ರೆಯವರು ಮಾಡಬೇಕಾದ ಕೆಲಸ. ಡಿಸ್ಚಾರ್ಜ್ ಬರೆಯುವ ಮುಂಚೆ ಕರಿ ಕಕ್ಕ ಎಷ್ಟು ಹೊತ್ತಿಗೆ ಆಯಿತು ಅಂತ ಕೇಳಿ ಬರೆಯಬೇಕು. ಬರೆಯದೇ ಇದ್ದರೆ ನೀವು ಹೋದಾಗ ಬಾಣಂತಿಯನ್ನೋ ಜೊತೆಗಿದ್ದ ಅಜ್ಜಿಯನ್ನೋ ಕೇಳಿ, ತಾಯಿ ಕಾರ್ಡಿನಲ್ಲಿ ಎಲ್ಲಾದರೂ ಖಾಲಿ ಜಾಗ ನೋಡಿ ಬರೆದುಬಿಡಿ. ಅದಕ್ಕೆ ಅಂತ ಕಾಲಂ ಇದೆಯಾ ಅಂತ ಹುಡುಕುತ್ತಾ ಕೂರಬೇಡಿ. ದಿನ, ಹೊತ್ತು, ಎರಡೇ ಸಾಕು. "ಆಗಿಲ್ಲ" ಅಂದರೆ ಮೊದಲು ಹೊಟ್ಟೆಯ ಬಟ್ಟೆ ಸರಿಸಿ ನೋಡಿ, ಆಮೇಲೆ 108ಕ್ಕೆ ಫೋನ್ ಮಾಡಿ.